ಗೋಡೆಯಿಲ್ಲದ ತರಗತಿಯಲ್ಲಿ ಮಾತಿನ ಮರ್ಯಾದೆ

ಶಾಲೆಯ ಕಟ್ಟಡವು ಮಕ್ಕಳಿಗೆ ಬಿಸಿಲು ಮಳೆಗಳಿಂದ ಆಶ್ರಯವನ್ನಷ್ಟೇ ನೀಡುವುದಿಲ್ಲ. ಮೌನವಾಗಿ ನಡತೆಯನ್ನೂ ಕಲಿಸುತ್ತದೆ. ಗಂಟೆ ಬಾರಿಸಿದೊಡನೆ ಸಾಲಿನಲ್ಲಿ ನಿಲ್ಲಬೇಕು, ಅಧ್ಯಾಪಕರು ಒಳಗೆ ಬಂದಾಗ ಎದ್ದು ನಮಸ್ಕರಿಸಬೇಕು, ಪ್ರಶ್ನೆ ಕೇಳುವುದಿದ್ದರೆ ಕೈ ಎತ್ತಬೇಕು, ಮತ್ತೊಬ್ಬನು ಉತ್ತರಿಸುತ್ತಿರುವಾಗ ನಡುವೆ ಬಾಯಿ ಹಾಕಬಾರದು - ಇವುಗಳನ್ನೆಲ್ಲ ಯಾವ ಪಠ್ಯಪುಸ್ತಕದಿಂದ ನಾವು ಕಲಿತೆವು? ಒಂದನೆಯ ತರಗತಿಯ ಮಗು ಎರಡನೆಯ ತರಗತಿಯ ಮಗುವನ್ನು ನೋಡಿ ಕಲಿಯಿತು. ಬೆಂಚು, ಕರಿಹಲಗೆ, ಅಧ್ಯಾಪಕರ ಕಣ್ಣೋಟ, ಪಕ್ಕದಲ್ಲಿ ಕುಳಿತವನ ಮೊಣಕೈ - ಇವೇ ನಿಯಮಗಳ ಕೆಲಸವನ್ನು ಮಾಡಿದವು. ಆದುದರಿಂದ ಆ ನಿಯಮಗಳನ್ನು ಬರೆದಿಡುವ ಅಗತ್ಯವೇ ತೋರಲಿಲ್ಲ.

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಾಗ ಆ ಗೋಡೆಗಳು ಒಮ್ಮೆಲೇ ಇಲ್ಲವಾದವು. ತರಗತಿಯು ಮೊಬೈಲಿನ ಅಂಗೈಯಗಲದ ಪರದೆಯೊಳಗೆ ಸೇರಿಕೊಂಡಿತು. ಪಾಠವೇನೋ ಅಲ್ಲಿಗೆ ಬಂದಿತು. ಗೋಡೆಗಳು ಹೊತ್ತುಕೊಂಡಿದ್ದ ಬರೆಯದ ನಿಯಮಗಳು ಮಾತ್ರ ಅದರ ಹಿಂದೆ ಬರಲಿಲ್ಲ. ಎಲ್ಲರೂ ಏಕಕಾಲಕ್ಕೆ ಮಾತನಾಡಿದರು. ಇಲ್ಲವೇ ಯಾರೂ ಮಾತನಾಡಲಿಲ್ಲ. ಅಧ್ಯಾಪಕರಿಗೆ ರಾತ್ರಿ ಹನ್ನೊಂದು ಗಂಟೆಗೂ ಸಂದೇಶಗಳು ಬಂದವು. ತರಗತಿಯ ನಡುವೆ ಒಬ್ಬನು ಬರೆದ ಒಂದು ಸಾಲಿನ ಕುಚೋದ್ಯವನ್ನು ನಲವತ್ತು ಮನೆಗಳು ಓದಿದವು.

ಆ ವಿಪತ್ತಿನ ಕಾಲ ಕಳೆದಿದೆ, ಇನ್ನೇಕೆ ಈ ಚಿಂತೆ ಎಂದು ಕೆಲವರು ಕೇಳಬಹುದು. ಕಾಲ ಕಳೆದರೂ ಪದ್ಧತಿ ಉಳಿದಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2021ರ ನಿಯಮಾವಳಿಯ ಪ್ರಕಾರ, ಒಂದು ಸೆಮಿಸ್ಟರಿನಲ್ಲಿ ನೀಡಲಾಗುವ ಒಟ್ಟು ಕೋರ್ಸುಗಳಲ್ಲಿ ಶೇಕಡಾ 40ರವರೆಗೆ ‘ಸ್ವಯಂ’ ಎಂಬ ಸರ್ಕಾರಿ ಜಾಲತಾಣದ ಮೂಲಕ ಕಲಿಯಲು ವಿದ್ಯಾರ್ಥಿಗೆ ಅವಕಾಶವಿದೆ. ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ, ಸಂಜೆಯ ಟ್ಯೂಷನ್, ಸಂಗೀತ ಪಾಠ ಎಲ್ಲವೂ ಇಂದು ಮೊಬೈಲಿನ ಮೂಲಕ ನಮ್ಮ ಮನೆಗಳಿಗೆ ಬರುತ್ತಿವೆ. ಪ್ರತಿ ತರಗತಿಗೂ ಒಂದು ವಾಟ್ಸಾಪ್ ಗುಂಪು ಇದ್ದೇ ಇದೆ. ಗೋಡೆಯಿಲ್ಲದ ತರಗತಿ ನಮ್ಮ ಬದುಕಿನ ಭಾಗವಾಗಿಬಿಟ್ಟಿದೆ. ಹೀಗಿರುವಾಗ ಅಲ್ಲಿ ಹೇಗೆ ಮಾತನಾಡಬೇಕು ಎಂಬುದನ್ನು ಮೊದಲ ದಿನವೇ, ಸ್ಪಷ್ಟವಾಗಿ, ಕಾರಣಸಹಿತವಾಗಿ ಹೇಳಿಬಿಡುವುದು ಅಧ್ಯಾಪಕರ ಮತ್ತು ಹೆತ್ತವರ ಕರ್ತವ್ಯ ಎಂಬುದು ಈ ಲೇಖನದ ಅಭಿಪ್ರಾಯ. ಆ ನಿಯಮಗಳು ಯಾರಿಗಾಗಿ ಇರಬೇಕು ಎಂಬ ಪ್ರಶ್ನೆಗೂ ಒಂದೇ ಉತ್ತರವಿದೆ: ತರಗತಿಯಲ್ಲಿ ಅತ್ಯಂತ ಮೆಲುದನಿಯುಳ್ಳ ಮಗುವಿಗಾಗಿ.

ನಿಮಿಷಗಳ ಲೆಕ್ಕ ಮತ್ತು ಮಾತಿನ ಲೆಕ್ಕ

ನಮ್ಮ ರಾಜ್ಯದಲ್ಲಿ ಆನ್‌ಲೈನ್ ತರಗತಿಗಳ ಕುರಿತು ಚರ್ಚೆಯೇ ನಡೆಯಲಿಲ್ಲ ಎನ್ನುವಂತಿಲ್ಲ. 2020ರ ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಕೆಳಗಿನ ತರಗತಿಗಳ ಆನ್‌ಲೈನ್ ಪಾಠಗಳನ್ನು ನಿಷೇಧಿಸಿತು. ಜುಲೈ 8ರಂದು ರಾಜ್ಯದ ಉಚ್ಚ ನ್ಯಾಯಾಲಯವು ಆ ನಿಷೇಧಕ್ಕೆ ತಡೆಯಾಜ್ಞೆ ನೀಡಿತು. ಅದೇ ತಿಂಗಳ 14ರಂದು ಕೇಂದ್ರ ಸರ್ಕಾರವು ‘ಪ್ರಜ್ಞಾತಾ’ ಎಂಬ ಮಾರ್ಗಸೂಚಿಯನ್ನು ಪ್ರಕಟಿಸಿತು. ಒಂದರಿಂದ ಎಂಟನೆಯ ತರಗತಿಯವರೆಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿಗಳು, ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ಅಂತಹ ನಾಲ್ಕು ಅವಧಿಗಳು, ಇದಕ್ಕಿಂತ ಹೆಚ್ಚಾಗಬಾರದು ಎಂದು ಅದು ಸಲಹೆ ಮಾಡಿತು. ಮಕ್ಕಳ ಕಣ್ಣು, ಬೆನ್ನು, ನಿದ್ರೆಗಳ ಬಗೆಗೆ ನಾವೆಲ್ಲರೂ ಆಗ ಚಿಂತಿಸಿದೆವು. ಅದು ಯೋಗ್ಯವೇ ಆಗಿತ್ತು.

ಆದರೆ ಎಷ್ಟು ಹೊತ್ತು ಎಂಬ ಪ್ರಶ್ನೆಗೆ ದೊರೆತಷ್ಟು ಗಮನ ಹೇಗೆ ಎಂಬ ಪ್ರಶ್ನೆಗೆ ಮನೆಗಳಲ್ಲಾಗಲಿ ಶಾಲೆಗಳಲ್ಲಾಗಲಿ ದೊರೆಯಲಿಲ್ಲ. ನಲವತ್ತೈದು ನಿಮಿಷಗಳಲ್ಲಿ ಒಂದು ಮಗುವಿಗೆ ಆಗುವ ಅವಮಾನವು ನಾಲ್ಕು ಗಂಟೆಗಳ ಕಣ್ಣುನೋವಿಗಿಂತ ಹೆಚ್ಚು ಕಾಲ ಉಳಿಯಬಲ್ಲದು. ಉಚ್ಚಾರಣೆ ತಪ್ಪಿದ್ದಕ್ಕೆ ಮೂವರು ನಗುವ ಚಿಹ್ನೆಗಳನ್ನು ಒತ್ತಿದರೆಂದು ಇನ್ನೆಂದೂ ಪ್ರಶ್ನೆ ಕೇಳಬಾರದು ಎಂದು ನಿಶ್ಚಯಿಸಿದ ಮಗು ನಮ್ಮ ಯಾವ ಅಂಕಪಟ್ಟಿಯಲ್ಲಿಯೂ ಕಾಣಿಸುವುದಿಲ್ಲ. ಅದರ ಹಾಜರಿ ಪೂರ್ಣವಾಗಿರುತ್ತದೆ. ಮಗು ಮಾತ್ರ ತರಗತಿಯಲ್ಲಿ ಇರುವುದಿಲ್ಲ.

ಪರದೆಯ ಮೇಲೆ ಮಾತು ಏಕೆ ಕೆಡುತ್ತದೆ?

ಸುಸಂಸ್ಕೃತ ಮನೆಯ ಮಕ್ಕಳೂ ಆನ್‌ಲೈನ್ ತರಗತಿಯಲ್ಲಿ ಒರಟಾಗಿ ವರ್ತಿಸುವುದುಂಟು. ಇದನ್ನು ಕೇವಲ ಸಂಸ್ಕಾರದ ಕೊರತೆ ಎಂದು ತಳ್ಳಿಹಾಕಿದರೆ ನಾವು ಕಾರಣವನ್ನು ಅರಿತಂತಾಗುವುದಿಲ್ಲ. ಸಾಧನದ ಸ್ವಭಾವದಲ್ಲಿಯೇ ಕೆಲವು ತೊಡಕುಗಳಿವೆ.

ಮೊದಲನೆಯದು ಸರದಿಯ ತೊಡಕು. ಇಬ್ಬರು ಎದುರುಬದುರು ಕುಳಿತು ಮಾತನಾಡುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರ ಮಾತು ಆರಂಭವಾಗುವ ನಡುವಿನ ವಿರಾಮವು ಆಶ್ಚರ್ಯವೆನಿಸುವಷ್ಟು ಚಿಕ್ಕದು. ತಾನ್ಯಾ ಸ್ಟೈವರ್ಸ್ ಮತ್ತು ಅವರ ಸಹವಿದ್ವಾಂಸರು ಜಗತ್ತಿನ ಹತ್ತು ಭಾಷೆಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ವಿರಾಮವು ಸರಾಸರಿ ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಮಾತ್ರ. ಉಸಿರು, ಕಣ್ಣು, ತಲೆಯ ಅಲುಗಾಟಗಳನ್ನು ಗಮನಿಸಿ ನಾವು ನಮ್ಮ ಸರದಿಯನ್ನು ಹಿಡಿಯುತ್ತೇವೆ. ಇಂಟರ್ನೆಟ್ ಒಂದಿಷ್ಟು ನಿಧಾನವಾದರೂ ಈ ಲಯ ತಪ್ಪುತ್ತದೆ. ಆಗ ಇಬ್ಬರು ಒಟ್ಟಿಗೆ ಮಾತು ಆರಂಭಿಸುತ್ತಾರೆ, ಇಬ್ಬರೂ ನಿಲ್ಲಿಸುತ್ತಾರೆ, ಮತ್ತೆ ಇಬ್ಬರೂ ಆರಂಭಿಸುತ್ತಾರೆ. ಕೊನೆಗೆ ಗಟ್ಟಿ ಗಂಟಲಿನವನು ಉಳಿಯುತ್ತಾನೆ, ಸಂಕೋಚದ ಮಗು ಹಿಂದೆ ಸರಿಯುತ್ತದೆ. ಇಲ್ಲಿ ಯಾರ ದುರುದ್ದೇಶವೂ ಇಲ್ಲ. ನಿಯಮವಿಲ್ಲದ್ದರಿಂದ ಅನ್ಯಾಯ ತಾನಾಗಿಯೇ ನಡೆದುಹೋಗುತ್ತದೆ.

ಎರಡನೆಯದು ಧ್ವನಿಯಿಲ್ಲದ ಬರಹದ ತೊಡಕು. ಅಮೇರಿಕದ ಮನಶ್ಶಾಸ್ತ್ರಜ್ಞ ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು 2005ರಲ್ಲಿ ಒಂದು ಪ್ರಯೋಗವನ್ನು ವರದಿ ಮಾಡಿದರು. ಕೆಲವು ವಾಕ್ಯಗಳನ್ನು ಗಂಭೀರವಾಗಿಯೂ ಕೆಲವನ್ನು ವ್ಯಂಗ್ಯವಾಗಿಯೂ ಇನ್ನೊಬ್ಬರಿಗೆ ತಲಪಿಸುವಂತೆ ವಿದ್ಯಾರ್ಥಿಗಳಿಗೆ ತಿಳಿಸಲಾಯಿತು. ನೂರಕ್ಕೆ 78 ಬಾರಿಯಾದರೂ ತಮ್ಮ ಭಾವ ಸರಿಯಾಗಿ ಅರ್ಥವಾಗುವುದೆಂದು ಕಳುಹಿಸಿದವರು ನಂಬಿದ್ದರು. ಧ್ವನಿಯ ಮೂಲಕ ಹೇಳಿದಾಗ ಆ ನಂಬಿಕೆ ಬಹುಮಟ್ಟಿಗೆ ನಿಜವಾಯಿತು. ಇ-ಮೇಲ್ ಮೂಲಕ ಬರೆದಾಗಲಾದರೋ ನೂರಕ್ಕೆ 56 ಬಾರಿ ಮಾತ್ರ ಓದಿದವರು ಸರಿಯಾಗಿ ಗ್ರಹಿಸಿದರು. ನಾಣ್ಯ ಚಿಮ್ಮಿ ಊಹಿಸಿದ್ದರೂ 50 ಬಾರಿ ಸರಿಹೋಗುತ್ತಿತ್ತು! ಬರೆಯುವವನ ಕಿವಿಯಲ್ಲಿ ಅವನ ಧ್ವನಿ ಕೇಳುತ್ತಿರುತ್ತದೆ. ಓದುವವನಿಗೆ ಅಕ್ಷರಗಳು ಮಾತ್ರ ಕಾಣುತ್ತವೆ. “ಇಷ್ಟೂ ಗೊತ್ತಿಲ್ಲವೇ?” ಎಂಬ ಮಾತನ್ನು ಗೆಳೆಯನು ಹೆಗಲ ಮೇಲೆ ಕೈಯಿಟ್ಟು ಹೇಳಿದರೆ ಅದು ಸಲಿಗೆ, ಚಾಟ್‌ನಲ್ಲಿ ಬರೆದರೆ ಅದು ಇರಿತ.

ಮೂರನೆಯದು ಮರೆಯಲ್ಲಿರುವವನ ಧೈರ್ಯ. ಜಾನ್ ಸುಲರ್ ಎಂಬ ಮನಶ್ಶಾಸ್ತ್ರಜ್ಞರು 2004ರಲ್ಲಿ ಇದನ್ನು ವಿವರಿಸಿದರು. ತನ್ನ ಮುಖ ಕಾಣುವುದಿಲ್ಲ, ಎದುರಿಗಿರುವವರ ಮುಖ ಬಾಡುವುದು ತನಗೂ ಕಾಣುವುದಿಲ್ಲ ಎಂಬಲ್ಲಿ ಮನುಷ್ಯನ ನಾಲಗೆಯ ಕಡಿವಾಣ ಸಡಿಲವಾಗುತ್ತದೆ. ಅದು ಕೆಲವೊಮ್ಮೆ ಒಳಿತಿಗೂ ಆಗುತ್ತದೆ ಎಂಬುದನ್ನೂ ಅವರು ಗುರುತಿಸಿದರು: ಎದುರಿಗೆ ಬಾಯಿ ಬಿಡದ ಹುಡುಗಿ ಬರಹದಲ್ಲಿ ತನ್ನ ಸಂಶಯವನ್ನು ಧೈರ್ಯವಾಗಿ ಕೇಳಬಲ್ಲಳು. ಕೆಡುಕಿಗಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯ ಕೇರಳವೇ ಸಾಕ್ಷಿ. 2020ರ ಜೂನ್ 1ರಂದು ಅಲ್ಲಿ ‘ಫಸ್ಟ್ ಬೆಲ್’ ಎಂಬ ಪಾಠಮಾಲೆ ವಿಕ್ಟರ್ಸ್ ವಾಹಿನಿಯಲ್ಲಿ ಪ್ರಾರಂಭವಾಯಿತು. ಚಿಕ್ಕ ಮಕ್ಕಳಿಗೆ ಅಕ್ಕರೆಯಿಂದ ಪಾಠ ಮಾಡಿದ ಶಿಕ್ಷಕಿಯರ ಬಗೆಗೆ ಸಾಮಾಜಿಕ ಜಾಲತಾಣಗಳಲ್ಲಿ ಕೀಳು ಟೀಕೆಗಳು ಹರಿದಾಡಿದವು. ಪೊಲೀಸರು ಪ್ರಕರಣ ದಾಖಲಿಸಬೇಕಾಯಿತು. ಸಾಕ್ಷರತೆಗೆ ಹೆಸರಾದ ನಾಡಿನಲ್ಲಿಯೇ ಹೀಗಾಯಿತೆಂದರೆ, ಅಕ್ಷರ ಕಲಿಯುವುದು ಬೇರೆ, ಮಾತಿನ ಮರ್ಯಾದೆ ಕಲಿಯುವುದು ಬೇರೆ ಎಂಬುದು ಸ್ಪಷ್ಟವಾಗುತ್ತದೆ.

ಮರ್ಯಾದೆಯೆಂದರೆ ಬರಿಯ ವಿನಯವೇ?

ಮಾತಿನ ನಿಯಮಗಳೆಂದೊಡನೆ ‘ದೊಡ್ಡವರಿಗೆ ಎದುರುತ್ತರ ಕೊಡಬಾರದು’ ಎಂಬ ಹಳೆಯ ಅರ್ಥವನ್ನೇ ನಾವು ಕಲ್ಪಿಸಿಕೊಳ್ಳುತ್ತೇವೆ. ಆ ಅರ್ಥ ಅಪೂರ್ಣವಾದುದು. ತತ್ತ್ವಶಾಸ್ತ್ರಜ್ಞ ಪೌಲ್ ಗ್ರೈಸ್ 1967ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ನೀಡಿದ ಉಪನ್ಯಾಸಗಳಲ್ಲಿ ಸಂಭಾಷಣೆಯನ್ನು ಒಂದು ಸಹಕಾರದ ಕಾರ್ಯವೆಂದು ಪರಿಗಣಿಸಿದರು. ಬೇಕಾದಷ್ಟನ್ನೇ ಹೇಳುವುದು, ಸುಳ್ಳೆಂದು ತಿಳಿದಿರುವುದನ್ನೂ ಆಧಾರವಿಲ್ಲದುದನ್ನೂ ಹೇಳದಿರುವುದು, ಪ್ರಸ್ತುತವಾದುದನ್ನು ಹೇಳುವುದು, ಸ್ಪಷ್ಟವಾಗಿ ಹೇಳುವುದು ಎಂಬ ನಾಲ್ಕು ತತ್ತ್ವಗಳನ್ನು ಅವರು ಮುಂದಿಟ್ಟರು. ಇವುಗಳಲ್ಲಿ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲ. ಇಬ್ಬರು ಕೂಡಿ ಒಂದು ಭಾರವನ್ನು ಎತ್ತುವಾಗ ಇಬ್ಬರೂ ಒಂದೇ ಹೊತ್ತಿಗೆ ಎತ್ತಬೇಕು ಎಂಬಂತೆ, ಇಬ್ಬರು ಕೂಡಿ ಸತ್ಯವನ್ನು ಅರಸುವಾಗ ಪಾಲಿಸಬೇಕಾದ ಕ್ರಮವಿದು.

ಇನ್ನೂ ಹಿಂದಕ್ಕೆ ಹೋದರೆ, ಹದಿಮೂರನೆಯ ಶತಮಾನದ ಪ್ಯಾರಿಸ್ ವಿಶ್ವವಿದ್ಯಾನಿಲಯದಲ್ಲಿ ವಾದವಿವಾದಗಳಿಗೆ ಕಟ್ಟುನಿಟ್ಟಾದ ವಿಧಿಯಿತ್ತು. ಅಲ್ಲಿ ಬೋಧಿಸಿದ ಸಂತ ತೋಮಸ್ ಅಕ್ವಿನಾಸರ ‘ಸುಮ್ಮಾ ಥಿಯೊಲೊಜಿಯೇ’ ಗ್ರಂಥವನ್ನು ತೆರೆದವರಿಗೆ ಇದು ತಿಳಿದಿದೆ. ಪ್ರತಿಯೊಂದು ಪ್ರಶ್ನೆಯಲ್ಲಿಯೂ ಅವರು ಮೊದಲು ತಮಗೆ ವಿರುದ್ಧವಾದ ವಾದಗಳನ್ನು ಅವುಗಳ ಪೂರ್ಣ ಬಲದೊಂದಿಗೆ ಬರೆಯುತ್ತಾರೆ; ಆಮೇಲೆ ತಮ್ಮ ಉತ್ತರ; ಕೊನೆಯಲ್ಲಿ ಒಂದೊಂದು ಆಕ್ಷೇಪಕ್ಕೂ ಪ್ರತ್ಯೇಕ ಸಮಾಧಾನ. ಎದುರಾಳಿಯ ಮಾತನ್ನು ಆಲಿಸದೆ ಅವರು ತಮ್ಮ ಮಾತನ್ನು ಆರಂಭಿಸುವುದೇ ಇಲ್ಲ. ಆನ್‌ಲೈನ್ ತರಗತಿಯ ಚರ್ಚೆಗೂ ಈ ಒಂದೇ ನಿಯಮ ಸಾಕಷ್ಟು ಬೆಳಕನ್ನು ನೀಡಬಲ್ಲದು: ಸಹಪಾಠಿಯ ಮಾತನ್ನು ಖಂಡಿಸುವ ಮುನ್ನ, ಅವನು ಒಪ್ಪುವ ರೀತಿಯಲ್ಲಿ ಅದನ್ನೊಮ್ಮೆ ನಿನ್ನ ಮಾತಿನಲ್ಲಿ ಹೇಳು. ಹೀಗೆ ಮಾಡಿದಾಗ ಅರ್ಧಕ್ಕರ್ಧ ಜಗಳಗಳು ಹುಟ್ಟುವುದೇ ಇಲ್ಲ. ಹುಟ್ಟಿದವು ಕೂಡ ಚರ್ಚೆಗಳಾಗಿ ಮುಗಿಯುತ್ತವೆ.

ಕಂಪ್ಯೂಟರ್ ಜಾಲವನ್ನು ಕಟ್ಟಿದವರಿಗೂ ಈ ಅಗತ್ಯ ಬೇಗನೆ ಮನದಟ್ಟಾಯಿತು ಎಂಬುದು ಗಮನಾರ್ಹ. ಇಂಟರ್ನೆಟ್ ನಮ್ಮ ಊರುಗಳಿಗೆ ಬರುವ ಮೊದಲೇ, 1994ರಲ್ಲಿ ವರ್ಜೀನಿಯಾ ಶೇ ಎಂಬವರು ಜಾಲದ ಶಿಷ್ಟಾಚಾರದ ಕುರಿತು ‘ನೆಟಿಕೆಟ್’ ಎಂಬ ಪುಸ್ತಕವನ್ನು ಬರೆದರು. 1995ರ ಅಕ್ಟೋಬರಿನಲ್ಲಿ ಸ್ಯಾಲಿ ಹ್ಯಾಂಬ್ರಿಜ್ ಎಂಬವರು ಸಿದ್ಧಪಡಿಸಿದ ಇಂತಹುದೇ ಮಾರ್ಗಸೂಚಿಯೊಂದು ತಾಂತ್ರಿಕ ದಾಖಲೆಗಳ ಸಾಲಿನಲ್ಲಿಯೇ ಪ್ರಕಟವಾಯಿತು. ತಂತಿಗಳನ್ನು ಜೋಡಿಸಿದ ಮಾತ್ರಕ್ಕೆ ಮನುಷ್ಯರು ಜೋಡಣೆಯಾಗುವುದಿಲ್ಲ ಎಂಬುದನ್ನು ಆ ಕ್ಷೇತ್ರದವರೇ ಕಂಡುಕೊಂಡಿದ್ದರು.

ಮೊದಲ ದಿನ ಏನು ಹೇಳಬೇಕು?

ನಿಯಮಗಳು ಕಡಮೆಯಿರಲಿ. ಒಂದು ಪುಟದಲ್ಲಿ ಹಿಡಿಸುವಷ್ಟಿರಲಿ. ಮಕ್ಕಳ ಮನೆಯವರೂ ಓದುವಂತೆ ಕನ್ನಡದಲ್ಲಿಯೂ ಇರಲಿ. ಪ್ರತಿಯೊಂದಕ್ಕೂ ಒಂದು ಸಾಲಿನ ಕಾರಣವಿರಲಿ. ಏಕೆಂದರೆ ಕಾರಣ ತಿಳಿಯದ ನಿಯಮವನ್ನು ಮಗು ಭಯದಿಂದ ಪಾಲಿಸುತ್ತದೆ, ಭಯ ಹೋದೊಡನೆ ಕೈಬಿಡುತ್ತದೆ. ಮೊದಲ ತರಗತಿಯ ಇಪ್ಪತ್ತು ನಿಮಿಷಗಳನ್ನು ಇದಕ್ಕಾಗಿ ಮೀಸಲಿಟ್ಟು, ಮಕ್ಕಳಿಂದಲೂ ಒಂದೆರಡು ನಿಯಮಗಳನ್ನು ಕೇಳಿ ಸೇರಿಸಿದರೆ ಅವು ‘ಅವರ ನಿಯಮಗಳು’ ಆಗುವ ಬದಲು ‘ನಮ್ಮ ನಿಯಮಗಳು’ ಆಗುತ್ತವೆ.

ಹೆಸರು ಮೊದಲನೆಯದು. ಪ್ರತಿಯೊಬ್ಬರೂ ತಮ್ಮ ನಿಜವಾದ ಹೆಸರಿನಿಂದಲೇ ತರಗತಿಯನ್ನು ಸೇರಬೇಕು. 2020ರ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಹಲವು ದೇಶಗಳಲ್ಲಿ ಅಪರಿಚಿತರು ಜೂಮ್ ತರಗತಿಗಳೊಳಗೆ ನುಗ್ಗಿ ಅಸಹ್ಯ ದೃಶ್ಯಗಳನ್ನು ತೋರಿಸಿದ್ದನ್ನು ನೆನೆದರೆ ಇದರ ಕಾರಣ ಸ್ಪಷ್ಟ. ತರಗತಿಯ ಕೊಂಡಿಯನ್ನು ಹೊರಗಿನವರಿಗೆ ಕಳುಹಿಸಬಾರದು ಎಂಬುದೂ ಇದರೊಂದಿಗೆ ಸೇರುತ್ತದೆ.

ಸರದಿ ಎರಡನೆಯದು. ಮೈಕ್ ಮುಚ್ಚಿರಲಿ, ಕೈ ಎತ್ತುವ ಚಿಹ್ನೆಯನ್ನು ಒತ್ತಿದ ಬಳಿಕ ಅಧ್ಯಾಪಕರು ಹೆಸರು ಕರೆಯಲಿ, ಕರೆದ ಮೇಲೆ ಉತ್ತರಕ್ಕಾಗಿ ಹತ್ತು ಸೆಕೆಂಡು ಕಾಯಲಿ. ಮೌನವನ್ನು ಅಜ್ಞಾನವೆಂದು ತಿಳಿಯಬಾರದು. ಮಗು ಮೈಕಿನ ಗುಂಡಿಯನ್ನು ಹುಡುಕುತ್ತಿರಬಹುದು, ಮಾತನ್ನು ಕೂಡಿಸಿಕೊಳ್ಳುತ್ತಿರಬಹುದು.

ಚಾಟ್ ಬರಹ ಮೂರನೆಯದು. ಪಾಠಕ್ಕೆ ಸಂಬಂಧಿಸಿದ್ದನ್ನೇ ಬರೆಯಬೇಕು, ಇನ್ನೊಬ್ಬರ ತಪ್ಪಿಗೆ ನಗುವ ಚಿಹ್ನೆ ಹಾಕಬಾರದು, ವ್ಯಂಗ್ಯವನ್ನು ಪೂರ್ತಿಯಾಗಿ ಬಿಡಬೇಕು. ‘ಟೀಚರ್, ನನಗೆ ಎರಡನೆಯ ಲೆಕ್ಕದ ಮೂರನೆಯ ಹಂತ ಅರ್ಥವಾಗಲಿಲ್ಲ’ ಎಂದು ಪೂರ್ಣ ವಾಕ್ಯದಲ್ಲಿ ಬರೆಯಲು ಕಲಿಸಬೇಕು. ಬರಿಯ ಪ್ರಶ್ನಾರ್ಥಕ ಚಿಹ್ನೆಗಳ ಸಾಲನ್ನು ಕಳುಹಿಸುವುದು ಪ್ರಶ್ನೆಯಾಗುವುದಿಲ್ಲ. ನೀನು, ನೀವು ಎಂಬ ಎರಡು ರೂಪಗಳನ್ನು ನಮ್ಮ ಭಾಷೆ ಇಟ್ಟುಕೊಂಡಿದೆ. ಎಲ್ಲಿ ಯಾವುದು ಎಂಬ ವಿವೇಕ ಕೀಲಿಮಣೆಯ ಮೇಲೂ ಉಳಿಯಲಿ.

ಕ್ಯಾಮೆರಾದ ವಿಷಯದಲ್ಲಿ ಹಲವು ಹೆತ್ತವರಿಗೂ ಅಧ್ಯಾಪಕರಿಗೂ ನನ್ನ ಅಭಿಪ್ರಾಯ ಒಪ್ಪಿಗೆಯಾಗಲಿಕ್ಕಿಲ್ಲ. ಕ್ಯಾಮೆರಾ ತೆರೆದಿಡುವುದನ್ನು ಪ್ರೋತ್ಸಾಹಿಸಬೇಕು, ಕಡ್ಡಾಯ ಮಾಡಬಾರದು. ಮುಖ ಕಾಣದಿದ್ದರೆ ಅಧ್ಯಾಪಕರು ಗೋಡೆಗೆ ಪಾಠ ಮಾಡಿದಂತಾಗುತ್ತದೆ ಎಂಬ ವಾದದಲ್ಲಿ ಸತ್ಯವಿದೆ. ಅದನ್ನು ಮಕ್ಕಳಿಗೆ ತಿಳಿಯಹೇಳಬೇಕು. ಆದರೆ ಅಮೇರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಕ್ಯಾಸ್ಟೆಲಿ ಮತ್ತು ಸರ್ವರಿ ಎಂಬ ಅಧ್ಯಾಪಕರು ನಡೆಸಿ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಕ್ಯಾಮೆರಾ ಮುಚ್ಚಿಡಲು ಶೇಕಡಾ 41 ವಿದ್ಯಾರ್ಥಿಗಳು ನೀಡಿದ ಕಾರಣ ತಮ್ಮ ರೂಪದ ಬಗೆಗಿನ ಸಂಕೋಚ. ಹಿಂದೆ ಮನೆಯ ಜನ ಕಾಣುತ್ತಾರೆ, ಇಂಟರ್ನೆಟ್ ದುರ್ಬಲ ಎಂಬ ಕಾರಣಗಳೂ ಇದ್ದವು. ಸೋಮಾರಿತನವೇ ಕಾರಣವೆಂಬ ನಮ್ಮ ಊಹೆ ಎಷ್ಟು ಅವಸರದ್ದು! ದೂರದ ದೇಶವೇಕೆ, 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ರಸ್ತೆಬದಿಯಲ್ಲಿ ಸುರಿಯುವ ಮಳೆಯಲ್ಲಿ ಮೊಬೈಲ್ ಹಿಡಿದು ಪಾಠ ಕೇಳುತ್ತಿದ್ದ ಮಗಳಿಗೆ ತಂದೆಯು ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ನಾಡೆಲ್ಲ ನೋಡಿತು. ಮನೆಯಲ್ಲಿ ನೆಟ್‌ವರ್ಕ್ ಸಿಗದ್ದಕ್ಕೆ ಅವರು ರಸ್ತೆಗೆ ಬಂದಿದ್ದರು. ಅಂತಹ ಮಗುವಿಗೆ ‘ಕ್ಯಾಮೆರಾ ತೆರೆಯದಿದ್ದರೆ ಗೈರುಹಾಜರಿ’ ಎಂದು ಹೇಳುವ ನಿಯಮವನ್ನು ಶಿಸ್ತು ಎನ್ನಲಾಗದು. ಒಂದೇ ಕೋಣೆಯ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯ ಪಕ್ಕದಲ್ಲಿ ಕುಳಿತು ಕಲಿಯುವ ಹುಡುಗನಿಗೆ ತನ್ನ ಮನೆಯ ಮರ್ಯಾದೆಯನ್ನು ಕಾಪಾಡಿಕೊಳ್ಳುವ ಹಕ್ಕಿದೆ.

ಚಿತ್ರೀಕರಣ ಐದನೆಯದು. ಅಧ್ಯಾಪಕರ ಅಥವಾ ಸಹಪಾಠಿಯ ಮುಖವನ್ನು, ಧ್ವನಿಯನ್ನು ಅನುಮತಿಯಿಲ್ಲದೆ ಚಿತ್ರೀಕರಿಸುವುದು, ಸ್ಕ್ರೀನ್‌ಶಾಟ್ ತೆಗೆದು ಹಂಚುವುದು ನಿಷಿದ್ಧ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದರು ನಮ್ಮ ಹಿರಿಯರು. ಈಗ ಆಡಿದ ಮಾತು ಹೋಗುವುದಿಲ್ಲ. ಉಳಿದುಕೊಂಡು ಊರೂರು ಸುತ್ತುತ್ತದೆ. ಅದೇ ಹೆಚ್ಚಿನ ಭಯ.

ಸಮಯ ಆರನೆಯದು. ಸಂದೇಶಕ್ಕೆ ಎಷ್ಟು ಹೊತ್ತಿನೊಳಗೆ ಉತ್ತರ ನಿರೀಕ್ಷಿಸಬಹುದು ಎಂಬುದನ್ನು ಅಧ್ಯಾಪಕರೇ ಹೇಳಿಬಿಡಲಿ: ಉದಾಹರಣೆಗೆ, ಕೆಲಸದ ದಿನಗಳಲ್ಲಿ ಇಪ್ಪತ್ತನಾಲ್ಕು ಗಂಟೆಗಳೊಳಗೆ, ರಾತ್ರಿ ಎಂಟರ ಬಳಿಕ ಮತ್ತು ಭಾನುವಾರ ಸಂದೇಶ ಬೇಡ. ಹೀಗೆ ಹೇಳದಿದ್ದರೆ, ಉತ್ತರ ಬಾರದ ಎರಡು ಗಂಟೆಗಳಲ್ಲಿ ಮಗು ‘ಟೀಚರ್ ನನ್ನ ಮೇಲೆ ಕೋಪಗೊಂಡಿದ್ದಾರೆ’ ಎಂದು ನೊಂದುಕೊಳ್ಳುತ್ತದೆ. ಅಧ್ಯಾಪಕಿಯು ಅಡುಗೆಮನೆಯಲ್ಲಿ ನಿಂತು ಒಲೆಯನ್ನೂ ಮೊಬೈಲನ್ನೂ ನೋಡುತ್ತ ಬಳಲುತ್ತಾಳೆ.

ಕೊನೆಯದು, ನಿಯಮ ಮೀರಿದಾಗ ಏನು ಎಂಬುದು. ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ತಪ್ಪಿದ ಸಹೋದರನನ್ನು ತಿದ್ದುವ ಕ್ರಮವನ್ನು ಪ್ರಭು ಕಲಿಸಿದ್ದಾರೆ: ಮೊದಲು ಏಕಾಂತದಲ್ಲಿ, ಅದು ಫಲಿಸದಿದ್ದರೆ ಒಬ್ಬಿಬ್ಬರ ಸಮಕ್ಷಮದಲ್ಲಿ, ಕೊನೆಗೆ ಸಭೆಯ ಮುಂದೆ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ನಾವು ಈ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ. ಸಭೆಯ ಮುಂದೆ ಆರಂಭಿಸುತ್ತೇವೆ, ಏಕಾಂತದ ಮಾತಿಗೆ ಬರುವುದೇ ಇಲ್ಲ. ತಪ್ಪಿದ ಮಗುವಿಗೆ ಮೊದಲು ಖಾಸಗಿಯಾಗಿ ಒಂದು ಮಾತು; ಮರುಕಳಿಸಿದರೆ ಹೆತ್ತವರೊಂದಿಗೆ ಒಂದು ದೂರವಾಣಿ ಕರೆ; ಅದೂ ಫಲಿಸದಿದ್ದರೆ ಮುಖ್ಯೋಪಾಧ್ಯಾಯರು. ಬೆದರಿಕೆ ಅಥವಾ ಅಶ್ಲೀಲದ ಸಂದರ್ಭದಲ್ಲಿ ಮಾತ್ರ ತಡಮಾಡದೆ ಶಾಲೆಗೂ ಹೆತ್ತವರಿಗೂ ತಿಳಿಸಬೇಕು. ಅಲ್ಲಿ ಮುಚ್ಚಿಡುವುದು ಕರುಣೆಯಾಗುವುದಿಲ್ಲ.

ನಿಯಮ ಎಲ್ಲರಿಗೂ

ಈ ಪುಟಕ್ಕೆ ಅಧ್ಯಾಪಕರೂ ಬದ್ಧರಾಗಿರಬೇಕು. ಉತ್ತರ ತಪ್ಪಿದ ಮಗುವನ್ನು ಎಲ್ಲರೆದುರು ಹಂಗಿಸುವುದು, ಕಡಮೆ ಅಂಕ ಪಡೆದವರ ಪಟ್ಟಿಯನ್ನು ಗುಂಪಿನಲ್ಲಿ ಹಾಕುವುದು, ಶುಲ್ಕ ಬಾಕಿಯಿರುವವರ ಹೆಸರನ್ನು ಪ್ರಕಟಿಸುವುದು ಇವೆಲ್ಲ ಮಾತಿನ ಹಿಂಸೆಯೇ. ಹಿಂದೆ ಇಂತಹ ಮಾತು ತರಗತಿಯ ನಾಲ್ಕು ಗೋಡೆಗಳ ನಡುವೆ ಉಳಿಯುತ್ತಿತ್ತು. ಇಂದು ಅದನ್ನು ಅಡುಗೆಮನೆಯಿಂದ ತಾಯಿ ಕೇಳುತ್ತಾಳೆ, ಜಗಲಿಯಿಂದ ಅಜ್ಜ ಕೇಳುತ್ತಾನೆ. ಮಗು ತನ್ನ ಮನೆಯಲ್ಲಿಯೇ, ತನ್ನವರೆದುರಿಗೇ ಅವಮಾನಿತವಾಗುತ್ತದೆ.

ಪ್ರಿಯ ಹೆತ್ತವರೇ, ಇನ್ನು ನಿಮ್ಮ ಪಾಲು. ಆನ್‌ಲೈನ್ ತರಗತಿಯಲ್ಲಿ ನೀವು ಹಾಜರಿ ಪುಸ್ತಕದಲ್ಲಿಲ್ಲದ ವಿದ್ಯಾರ್ಥಿಗಳು. ಪಕ್ಕದಲ್ಲಿ ಕುಳಿತು ಉತ್ತರ ಪಿಸುಗುಟ್ಟುವ ತಾಯಿಯ ಉದ್ದೇಶ ಪ್ರೀತಿಯೇ ಆದರೂ, ‘ನಿನ್ನ ಮಾತು ಸಾಲದು’ ಎಂಬ ಪಾಠವನ್ನೇ ಮಗು ಕಲಿಯುತ್ತದೆ. ತರಗತಿ ನಡೆಯುತ್ತಿರುವಾಗಲೇ ಮೊಬೈಲನ್ನು ಕಸಿದುಕೊಂಡು ಅಧ್ಯಾಪಕರನ್ನು ಪ್ರಶ್ನಿಸುವ ತಂದೆಯಿಂದ ಮಗು ಅಧ್ಯಾಪಕರನ್ನು ಹೇಗೆ ಕಾಣಬೇಕೆಂಬುದನ್ನು ಕಲಿಯುತ್ತದೆ. ಹೆತ್ತವರ ಗುಂಪಿನಲ್ಲಿ ಹೆಸರು ಹೇಳಿ ಅಧ್ಯಾಪಕರನ್ನು ನಿಂದಿಸಿದ ಸಾಲನ್ನು ಅದೇ ಮೊಬೈಲಿನಲ್ಲಿ ಮಗುವೂ ಓದುತ್ತದೆ. ಏಕೆಂದರೆ ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಮೊಬೈಲ್. ದೂರುಗಳಿದ್ದರೆ ಹೇಳಲೇಬೇಕು, ಆದರೆ ಸರಿಯಾದ ವ್ಯಕ್ತಿಗೆ, ಸರಿಯಾದ ಹೊತ್ತಿನಲ್ಲಿ, ನೇರವಾಗಿ ಹೇಳಬೇಕು.

ಇಷ್ಟೆಲ್ಲ ನಿಯಮಗಳಿಂದ ಮಕ್ಕಳ ಸ್ವಾತಂತ್ರ್ಯಕ್ಕೆ ಧಕ್ಕೆಯಾಗದೇ, ಗೌರವವು ಹೃದಯದಿಂದ ಬರಬೇಕಲ್ಲದೆ ಪಟ್ಟಿಯಿಂದ ಬಂದೀತೇ ಎಂಬ ಆಕ್ಷೇಪ ಬರಬಹುದು. ಅದನ್ನು ಹಗುರವಾಗಿ ಕಾಣಲಾಗದು. ಬರಿಯ ನಿಯಮಪಾಲನೆ ಕಪಟಕ್ಕೂ ದಾರಿಯಾಗಬಲ್ಲದು: ಮಧುರವಾದ ಮಾತಿನಲ್ಲಿಯೇ ಒಬ್ಬನನ್ನು ದೂರವಿಡಬಹುದು. ಆದರೆ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ ತೋರಿಸಿದಂತೆ, ಸದ್ಗುಣಗಳು ಹುಟ್ಟಿನಿಂದ ಬರುವುದಿಲ್ಲ, ಅಭ್ಯಾಸದಿಂದ ಬರುತ್ತವೆ. ವೀಣೆಯನ್ನು ನುಡಿಸುತ್ತ ನುಡಿಸುತ್ತ ಮನುಷ್ಯನು ವೈಣಿಕನಾಗುವಂತೆ, ನ್ಯಾಯದ ಕೆಲಸಗಳನ್ನು ಮಾಡುತ್ತ ಮಾಡುತ್ತ ನ್ಯಾಯವಂತನಾಗುತ್ತಾನೆ. ಮೈಕನ್ನು ಮುಚ್ಚಿ ಮತ್ತೊಬ್ಬನ ಮಾತಿಗೆ ಕಾಯುವ ಹುಡುಗನು ಮೊದಲ ವಾರ ನಿಯಮಕ್ಕಾಗಿ ಕಾಯುತ್ತಾನೆ. ವರ್ಷದ ಕೊನೆಗೆ, ಆ ಮತ್ತೊಬ್ಬನು ಹೇಳುವುದರಲ್ಲಿಯೂ ಏನೋ ಇದೆ ಎಂದು ಕಾಯುತ್ತಾನೆ. ಸ್ವಾತಂತ್ರ್ಯದ ಮಾತೂ ಹಾಗೆಯೇ. ನಿಯಮವಿಲ್ಲದ ಚರ್ಚೆಯಲ್ಲಿ ಸ್ವಾತಂತ್ರ್ಯವಿರುವುದು ಬಲಶಾಲಿಗೆ ಮಾತ್ರ.

ಆದುದರಿಂದ ಬರುವ ಶೈಕ್ಷಣಿಕ ವರ್ಷದ ಆರಂಭದಲ್ಲಿ ನಮ್ಮ ಶಾಲೆಗಳೂ ಟ್ಯೂಷನ್ ನಡೆಸುವವರೂ ಇಂತಹ ಒಂದು ಪುಟವನ್ನು ಸಿದ್ಧಪಡಿಸಲಿ. ಶಾಲೆಯಿಂದ ಅದು ಬಾರದಿದ್ದರೆ ಹೆತ್ತವರು ವಿನಯದಿಂದ ಕೇಳಿ ಪಡೆಯಲಿ. ಬಂದ ಬಳಿಕ, ಸಂಜೆಯ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಮನೆಯವರೆಲ್ಲರೂ ಕುಳಿತು ಅದನ್ನೊಮ್ಮೆ ಗಟ್ಟಿಯಾಗಿ ಓದಲಿ. ಯಾವ ನಿಯಮವನ್ನು ಮಕ್ಕಳು ಪಾಲಿಸಬೇಕು, ಯಾವುದನ್ನು ತಾವು ಪಾಲಿಸಬೇಕು ಎಂದು ಹಿರಿಯರು ಮಕ್ಕಳೆದುರಿಗೇ ಹೇಳಲಿ. ಹತ್ತು ನಿಮಿಷಗಳ ಕೆಲಸವಿದು. ಅದರ ಫಲವಾಗಿ ತರಗತಿಯ ಮೂಲೆಯಲ್ಲಿರುವ ಒಂದು ಸಂಕೋಚದ ಮಗು ತನ್ನ ಮೈಕನ್ನು ತೆರೆದು, “ಟೀಚರ್, ನನಗೊಂದು ಸಂಶಯ” ಎಂದು ಕೇಳುವಂತಾದರೆ, ಬರೆದ ನಿಯಮಗಳೆಲ್ಲವೂ ಸಾರ್ಥಕವಾದಂತೆಯೇ.